ಹೊಳಪಿನ ಪುಡಿ

ಬಂಡೆಗಳೇ ತುಂಬಿದ ಒಂದು ಕಾಡಿನಲ್ಲಿ ಪುನುಗುಬೆಕ್ಕೊಂದು ಹಳ್ಳದ ದಂಡೆಯಲ್ಲಿ ಅಂಗಡಿ ಇಟ್ಟಿತ್ತು. ಅಭ್ರಕವನ್ನು ನುಣ್ಣಗೆ ಅರೆದು, ತೊಳೆದು, ಗರಿಗೂ ಕೊಂಬಿಗೂ ಬಳಿಯುವ ಹೊಳಪಿನ ಪುಡಿ ಮಾಡುವುದು ಅದರ ಕಸುಬು. ವ್ಯಾಪಾರ ಜೋರಾಗಿತ್ತು. ತೊಳೆದ ನೀರು ಸೀದಾ ಹಳ್ಳ ಸೇರುತ್ತಿತ್ತು.

ಕೆಳಗಿನ ಮಡುವಿನ ನೀರು ಕುಡಿದ ಜಿಂಕೆಮರಿಗಳು ಹೊಟ್ಟೆನೋವಿನಿಂದ ಮಲಗಿದವು. ಕಾಡಿನ ಯಜಮಾನ ಆನೆ ಅಂಗಡಿಗೇ ಬಂದಿತು. ಜೊತೆಯಲ್ಲಿ ಒಂದು ಮಡಕೆ ಮಡುವಿನ ನೀರು, ಒಂದು ಮುದಿ ಆಮೆ.

"ನಿನ್ನ ಪುಡಿ ಈ ನೀರಲ್ಲಿದೆ ಅಂತಾಳೆ ಆಮೆಯಮ್ಮ. ನಿಜವಾದರೆ ಈ ದಂಡೆಯಲ್ಲಿ ನಿನಗೆ ಜಾಗವಿಲ್ಲ."

ಬೆಕ್ಕು ಬಟ್ಟೆಯೊಂದನ್ನು ಆನೆಯ ಮುಂದೆ ಚಾಚಿತು. "ಬಟ್ಟೆಯಲ್ಲಿ ಸೋಸಿ ನೋಡಿ ಯಜಮಾನರೇ. ಒಂದು ಕಣ ಸಿಕ್ಕರೆ ಕೇಳಿ."

ಸೋಸಿದರು. ಏನೂ ಸಿಗಲಿಲ್ಲ. ಮರಳಿನಲ್ಲಿ ಇಳಿಸಿದರು. ಅಲ್ಲೂ ಇಲ್ಲ. ತನ್ನ ಪುಡಿ ಎಷ್ಟು ಸಣ್ಣದೆಂದು ಬೆಕ್ಕಿಗೆ ಗೊತ್ತಿತ್ತು.

"ಅಜ್ಜಿಯ ಕಣ್ಣು ಮಂಜಾಗಿದೆ. ಪಾಪ, ನೀರು ಮಂಜಾಗಿ ಕಾಣುತ್ತೆ," ಎಂದು ನಕ್ಕಿತು.

"ಇರಬಹುದಪ್ಪ," ಎಂದ ಆಮೆ ತಾನು ತಂದಿದ್ದ, ನೀರು ತಿಳಿಮಾಡುವ ಪಟಿಕದ ಕಲ್ಲನ್ನು ತೇಯ್ದು ಮಡಕೆಗೆ ಬಿಟ್ಟಿತು. "ಈ ಕಣಗಳು ಒಂದನ್ನೊಂದು ದೂರ ತಳ್ಳುತ್ತವೆ, ಅದಕ್ಕೇ ತೇಲುತ್ತವೆ. ಪಟಿಕ ಬಿದ್ದರೆ ಜಗಳ ಬಿಟ್ಟು ಅಂಟಿಕೊಳ್ಳುತ್ತವೆ. ಭಾರ ಹೆಚ್ಚಾಗಿ ತಳಕ್ಕೆ ಕೂರುತ್ತವೆ."

ಕೂರುವುದನ್ನು ಕಲಕಿಬಿಟ್ಟರೆ ಮುಗಿಯಿತು ಎಂದುಕೊಂಡಿತು ಬೆಕ್ಕು. "ನಾನೂ ಒಂದು ಕೈ ಹಾಕ್ತೀನಿ ಅಜ್ಜಿ," ಎಂದು ಕೋಲು ಕಸಿದು ಗರಗರ ತಿರುಗಿಸಿತು. ಆಮೆ ತಡೆಯಲಿಲ್ಲ. ಬೆಕ್ಕಿನ ಕೈ ಸೋತ ಮೇಲೆ ತಾನು ಕೋಲು ಹಿಡಿದು, ತೊಟ್ಟಿಲು ತೂಗಿದಷ್ಟು ಮೆಲ್ಲಗೆ ತಿರುಗಿಸಿ, ಸುಮ್ಮನೆ ಕೂತಿತು.

ನೀರಿನಲ್ಲಿ ಹತ್ತಿಯಂಥ ಚೂರುಗಳು ಮೂಡಿದವು. ಒಂದೊಂದೇ ತಳಕ್ಕಿಳಿದವು. ಆನೆ ತಿಳಿನೀರು ಬಸಿದು, ಉಳಿದ ಗಸಿಯನ್ನು ಬಂಡೆಗೆ ಬಳಿಯಿತು. ಬಿಸಿಲಿಗೆ ಒಣಗುತ್ತಿದ್ದಂತೆ ಬಂಡೆ ಮಿನುಗತೊಡಗಿತು.

"ಅಷ್ಟು ಕಲಕಿದ್ದಕ್ಕೆ ಕೆಡಬೇಕಿತ್ತಲ್ಲ..." ಬೆಕ್ಕಿನ ಬಾಯಿಂದ ಜಾರಿತು.

"ಮೊದಲು ಜೋರಾಗಿ ಕಲಕಿದರೇ ಪಟಿಕ ಎಲ್ಲ ಕಡೆ ಹರಡೋದು. ನನ್ನ ಕೈಯಲ್ಲಿ ಅಷ್ಟು ಕಸುವಿಲ್ಲ. ನೀನಿದ್ದದ್ದು ಒಳ್ಳೇದಾಯ್ತು ಕಣಪ್ಪ," ಎಂದಿತು ಆಮೆ.

ಆನೆ ಗುಡ್ಡದ ಕಡೆ ಸೊಂಡಿಲು ತೋರಿಸಿತು. "ಅಂಗಡಿ ಅಲ್ಲಿಟ್ಟುಕೋ. ನೀರು ಹೊತ್ತುಕೊಂಡು ಹೋಗು. ತೊಳೆದದ್ದನ್ನು ಪಟಿಕ ಹಾಕಿ ತಿಳಿ ಮಾಡಿಯೇ ಕೆಳಗೆ ಬಿಡಬೇಕು. ಮೊದಲ ಬೊಗಸೆ ನೀನೇ ಕುಡಿಯಬೇಕು."

ಅಂದಿನಿಂದ ಬೆಕ್ಕಿಗೆ ಅರೆಯುವುದಕ್ಕಿಂತ ಕಲಕುವ ಕೆಲಸವೇ ಹೆಚ್ಚಾಯಿತು. ಗಸಿ ಪೂರ್ತಿ ಕೂರುವ ತನಕ ಅದು ಒಂದು ಹನಿಯನ್ನೂ ಬಾಯಿಗೆ ಹಾಕಿಕೊಳ್ಳುತ್ತಿರಲಿಲ್ಲ.

ನೀತಿ: ತನ್ನ ವ್ಯಾಪಾರದ ಕೊಳೆಯನ್ನು ತಾನೇ ತೆಗೆಯಬೇಕು; ಕಣ್ಣಿಗೆ ಕಾಣದಷ್ಟು ಸಣ್ಣದೆಂದು ಅದನ್ನು ಇನ್ನೊಬ್ಬರ ಹೊಟ್ಟೆಗೆ ಹಾಕಬಾರದು.