ಯಾರೂ ಓದದ ಪುಸ್ತಕ

ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಹೊನ್ನೂರಪ್ಪ ಹದಿನೆಂಟು ವರ್ಷದಿಂದ ಅಟೆಂಡರ್. ಒಂದು ದಿನ ಪ್ರೊಫೆಸರ್ ಶಂಕರಲಿಂಗಯ್ಯನವರು ತಮ್ಮ ಆರು ಜನ ಸಂಶೋಧನಾ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಬಂದು ಗುಡುಗಿದರು.

“‘ಕುಂತಳನಾಡಿನ ಸಂತೆಗಳು’ ಎಲ್ಲಯ್ಯಾ? ನಮ್ಮೆಲ್ಲರ ಪ್ರಬಂಧಕ್ಕೂ ಅದೇ ಆಧಾರ. ನಾಳೆ ಪರೀಕ್ಷಕರು ನೋಡಬೇಕಂತೆ. ಕಳೆದುಹಾಕಿದ್ದು ನೀನೇ! ಸಂಜೆಯೊಳಗೆ ತರದಿದ್ದರೆ ಕುಲಪತಿಗಳಿಗೆ ಬರೀತೀನಿ.”

ಅಂಥ ಪುಸ್ತಕ ಲೈಬ್ರರಿಗೆ ಬಂದೇ ಇರಲಿಲ್ಲ. ಹಾಗಂತ ಅಟೆಂಡರ್ ಹೇಳಿದರೆ ಯಾರು ಕೇಳುತ್ತಾರೆ? ಹೊನ್ನೂರಪ್ಪ ಕೈಮುಗಿದು ಒಂದು ಬಿಳಿ ಹಾಳೆ ಮುಂದಿಟ್ಟ.

“ತಪ್ಪಾಯ್ತು ಸಾರ್. ಹುಡುಕೋಕೆ ಒಂದು ಗುರುತು ಬೇಕಲ್ಲ. ಅದನ್ನು ಓದಿದವರು ಯಾರಾದರೂ ರಟ್ಟಿನ ಬಣ್ಣ ಬರೆದು ಸಹಿ ಹಾಕಿಬಿಡಿ.”

ಹಾಳೆ ಖಾಲಿಯಾಗಿಯೇ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿತು. ಆರು ಜನರೂ ಹಿಂದಿನವರ ಪ್ರಬಂಧ ನೋಡಿ ಪುಸ್ತಕದ ಹೆಸರು ಇಳಿಸಿಕೊಂಡವರೇ. ಕೊನೆಗೆ ಅದು ಪ್ರೊಫೆಸರರ ಮುಂದೆ ಬಂತು. ಅವರು ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು.

“ನಮ್ಮ ಗುರುಗಳ ಪಟ್ಟಿಯಲ್ಲಿತ್ತಯ್ಯಾ,” ಎಂದರು ಮೆಲ್ಲಗೆ. “ಅವರು ಓದಿರ್ತಾರೆ ಅಂದ್ಕೊಂಡಿದ್ದೆ.”

ಅವರು ತಲೆ ತಗ್ಗಿಸಿ ಹೊರಟಾಗ ಹೊನ್ನೂರಪ್ಪನಿಗೆ ನಗು ತಡೆಯಲಾಗಲಿಲ್ಲ. ಆದರೆ ವಿದ್ಯಾರ್ಥಿನಿ ಗಂಗಾಂಬಿಕೆ ಮಾತ್ರ ಹಿಂದೆಯೇ ಉಳಿದಿದ್ದಳು.

“ಅಣ್ಣಾ, ಒಂದು ಪುಸ್ತಕ ಇದೆಯೋ ಇಲ್ವೋ ಅಂತ ಹುಡುಕಿ ನೋಡೋದು ಹೇಗೆ? ಮೂರು ವರ್ಷ ಆಯ್ತು, ನನಗೆ ಯಾರೂ ಹೇಳಿಕೊಡಲಿಲ್ಲ.”

ಹೊನ್ನೂರಪ್ಪನ ನಗು ಅಲ್ಲೇ ನಿಂತಿತು. ಮೂರು ವರ್ಷವೂ ಅವಳು ಅವನ ಮೇಜಿನ ಮುಂದೆಯೇ ಓಡಾಡಿದ್ದಳು. ‘ಬಾರಮ್ಮಾ, ತೋರಿಸ್ತೀನಿ’ ಎಂದು ಅವನೂ ಒಂದು ದಿನ ಕರೆದಿರಲಿಲ್ಲ.