ಕಾವುಗುಡ್ಡ

ಕರಡಿಹಾಳದ ಪಡುವಣಕ್ಕೆ, ಎರೆಹೊಲಗಳ ನಡುವೆ ಒಂದು ಬೋಳು ಗುಡ್ಡವಿದೆ. ಸುತ್ತಲಿನ ಗುಡ್ಡಗಳಿಗೆಲ್ಲ ದೇವರ ಹೆಸರು. ಇದೊಂದಕ್ಕೆ ಮಾತ್ರ ಕಾವುಗುಡ್ಡವೆಂದು ಹೆಸರು. ಇದಕ್ಕೆ ಕಾರಣ ಒಬ್ಬ ಹಟಮಾರಿ ಹೆಂಗಸು ಎನ್ನುತ್ತಾರೆ ಹಿರಿಯರು.

ಹಿಂದೆ ಒಮ್ಮೆ, ಊರುಕೇರಿ ಹುಟ್ಟುವ ಮೊದಲು, ಈ ಬಯಲಿನಲ್ಲಿ ಆಳೆತ್ತರ ಮೀರಿದ ಹಕ್ಕಿಗಳು ಓಡಾಡುತ್ತಿದ್ದವಂತೆ. ರೆಕ್ಕೆಯಿದ್ದೂ ಹಾರಲಾರವು, ಓಡಿದರೆ ಮಾತ್ರ ಗಾಳಿಯೂ ಹಿಂದೆ ಬೀಳಬೇಕು. ಬೇಟೆಗಾರರ ದೆಸೆಯಿಂದ ಅವು ಕರಗುತ್ತ ಬಂದವು. ಒಂದು ದಿನ ಕುರಿಗಾರ ಬೀರಣ್ಣನ ಹೆಂಡತಿ ಮಾಳವ್ವ ಈ ಗುಡ್ಡ ಹತ್ತಿದಾಗ, ಬೇಟೆಗಾರರು ಕೊಂದೊಯ್ದ ತಾಯಿಹಕ್ಕಿಯ ಪುಕ್ಕಗಳು ಹರಡಿ ಬಿದ್ದಿದ್ದವು. ನಡುವೆ ತೆಂಗಿನಕಾಯಿಗಿಂತ ದಪ್ಪನಾದ ಒಂದೇ ಒಂದು ತತ್ತಿ. ಮುಟ್ಟಿದರೆ ಇನ್ನೂ ಬೆಚ್ಚಗಿತ್ತು. ಮಕ್ಕಳಿಲ್ಲದ ಆಕೆಗೆ ಅದನ್ನು ಬಿಟ್ಟು ಬರಲು ಕರುಳು ಒಪ್ಪಲಿಲ್ಲ. ಅದನ್ನು ಕರಿಕಂಬಳಿಯಲ್ಲಿ ಸುತ್ತಿ, ಮುದಿ ಕುರಿಯೊಂದನ್ನು ಅಲ್ಲಿಗೇ ತಂದು ಮಲಗಿಸಿ, ಅದರ ಹೊಟ್ಟೆಗೆ ಒತ್ತಿ ಇಟ್ಟಳು.

“ಮೇವು ತೀರೈತಿ, ನಾಳೆ ಹಿಂಡು ಹೊರಡಬೇಕು. ಕುರಿ ಕಾವಿಗೆ ಹಕ್ಕಿಮರಿ ಆಗತೈತೇನ, ಹುಚ್ಚಿ?” ಎಂದ ಬೀರಣ್ಣ.

“ನೀವು ಹಿಂಡು ಹೊಡಕೊಂಡು ಹೋಗ್ರಿ. ಈ ಮುದುಕಿ ಕುರಿ ಒಂದು ನನಗ ಬಿಡ್ರಿ,” ಎಂದಳು ಮಾಳವ್ವ.

ಹಿಂಡು ಹೋಯಿತು. ತೋಳಗಳು ತಿರುಗುವ ಬಯಲಿನಲ್ಲಿ ಹೆಂಗಸೊಬ್ಬಳೇ ಉಳಿದಳು. ಕುರಿ ಮೇಯಲು ಎದ್ದಾಗ ತತ್ತಿಯನ್ನು ತಾನೇ ಮಡಿಲಿಗೆ ಹಾಕಿಕೊಂಡು ಕೂರುವಳು. ಸುಮ್ಮನೆ ಕಲ್ಲಿಗೆ ಕಾವು ಕೊಡುತ್ತಿದ್ದೇನೋ ಏನೋ ಎಂದು ಆಕೆಗೂ ಅಳುಕಿತ್ತು. ಅಂತೂ ಒಂದು ಬೆಳಗ್ಗೆ ಕಂಬಳಿಯೊಳಗೆ ಟಕಟಕ ಸದ್ದಾಗಿ ಮರಿ ಹೊರಬಂತು. ತಬ್ಬಲಿ ಕುರಿಮರಿಗೆ ಉಪ್ಪುನೀರು ಸವರಿದರೆ ಬೇರೆ ತಾಯಿ ನೆಕ್ಕಿ ನೆಕ್ಕಿ ಅದನ್ನು ಒಪ್ಪಿಕೊಳ್ಳುತ್ತದೆ. ಕುರಿಗಾರರ ರೂಢಿ ಅದು. ಕುರಿಗಾರ್ತಿಯ ಹುಟ್ಟುಗುಣ ಸುಟ್ಟರೂ ಹೋಗದು ತಾನೆ? ಮಾಳವ್ವ ಹಕ್ಕಿಮರಿಗೂ ಉಪ್ಪುನೀರು ಸವರಿಬಿಟ್ಟಳು. ಮುದಿ ಕುರಿ ಪಾಪ ಅದನ್ನೂ ನೆಕ್ಕಿತು. ಮರಿ ಅದನ್ನೇ ತಾಯಿ ಎಂದು ನಂಬಿತು.

ಮಳೆ ಬಿದ್ದು ಬೀರಣ್ಣ ಮರಳಿದಾಗ, ಕುರಿಯ ಹಿಂದೆ ಅವನ ಎದೆಯೆತ್ತರದ ಹಕ್ಕಿಯೊಂದು ನಡೆದು ಬರುತ್ತಿತ್ತು. ಮುಂದೊಂದು ದಿನ ಬಯಲಿನ ಅಂಚಿನಿಂದ ಅಂಥದೇ ಇನ್ನೊಂದು ಹಕ್ಕಿಯ ಕೂಗು ಕೇಳಿಬಂತು. ಇದು ಕತ್ತೆತ್ತಿ ಆಲಿಸಿ, ಅತ್ತ ಓಡಿತು. ಮಾಳವ್ವ ಅತ್ತಳು, ಆದರೆ ತಡೆಯಲಿಲ್ಲ. ತನ್ನ ಕೂಸು ಲೋಕದಲ್ಲಿ ಒಂಟಿಯಲ್ಲವೆಂಬ ಸಂತೋಷವೇ ದೊಡ್ಡದಾಯಿತು ಎನ್ನುತ್ತಾರೆ.

ಆ ಹಕ್ಕಿಗಳ ಸಂತತಿ ಈಗಿಲ್ಲ. ಆದರೆ ಗುಡ್ಡ ಹತ್ತಿದವರು ಇಂದಿಗೂ ಒಂದು ರೂಢಿಯನ್ನು ನೋಡಬಹುದು. ತಾಯಿ ಸತ್ತ ಕುರಿಮರಿಗಳನ್ನು ಕುರಿಗಾರರು ಅಲ್ಲಿಗೆ ಹೊತ್ತು ತರುತ್ತಾರೆ. ಅವನ್ನು ಮೊದಲು ಕಂಡ ಹೆಂಗಸು ಸಾಕಲೆಂದು ಮರಿಯನ್ನು ಉಡಿಯಲ್ಲಿ ಕಟ್ಟಿಕೊಂಡು ಇಳಿದು ಹೋಗುತ್ತಾಳೆ. ಯಾರ ಹಿಂಡಿನದು ಎಂದು ಯಾರೂ ಕೇಳುವುದಿಲ್ಲ.