ಎದೆಮಟ್ಟದ ನೀರು

"ಗುರುಗಳೇ, ಹೊಸ ಪಾಠಶಾಲೆ ಎದ್ದು ನಿಲ್ಲುವವರೆಗೆ ಹಳೆಯ ಚಾವಡಿಯ ಪಾಠವನ್ನು ನಿಲ್ಲಿಸಿಬಿಟ್ಟರೆ ಹೇಗೆ?" ಎಂದು ಮಡಿವಾಳಯ್ಯ ಕೇಳಿದ. "ಚಾವಡಿಯ ಸೂರು ಸೋರಿದರೂ ಅದರ ಕೆಳಗೆ ಪಾಠ ನಡೆಯುತ್ತಲೇ ಇದೆ. ಹಾಗಾಗಿ ಊರಿನಲ್ಲಿ ಯಾರಿಗೂ ಅವಸರವಿಲ್ಲ. ಮಕ್ಕಳು ಬಾಗಿಲವರೆಗೆ ಬಂದು ಹಿಂದಿರುಗುವುದನ್ನು ಜನ ನಾಲ್ಕು ದಿನ ನೋಡಿದರೆ ಕೊಡುವವರ ಕೈ ತಾನಾಗಿಯೇ ಬಿಚ್ಚುತ್ತದೆ."

ಮಠದಲ್ಲಿ ಮಡಿವಾಳಯ್ಯ ಜಾಣನೆಂದು ಹೆಸರಾದವನು. ಪಾಠಶಾಲೆ ಕಟ್ಟಿಸುವ ಹೊಣೆಯನ್ನು ಗುರುಗಳೇ ಅವನಿಗೆ ವಹಿಸಿದ್ದರು.

"ಉಪಾಯ ಚೆನ್ನಾಗಿದೆ. ಆದರೆ ನಿನಗಿಂತ ಮೊದಲೇ ಒಬ್ಬನಿಗೆ ಹೊಳೆದುಬಿಟ್ಟಿತ್ತು. ಅವನೂ ನಿನ್ನ ಹಾಗೆ ಒಳ್ಳೆಯವನೇ. ಕೂತುಕೋ" ಎಂದು ಗುರುಗಳು ಹೇಳತೊಡಗಿದರು.

ಒಂದು ಊರು. ಊರ ಮುಂದೆ ಒಂದು ಈಜುಕೊಳ. ಕುಡಿಯುವ ನೀರಿಗೆ ಬಾವಿ ಬೇರೆ ಇತ್ತು, ದನಕರುಗಳಿಗೆ ಕಟ್ಟೆ ಬೇರೆ ಇತ್ತು. ಈ ಕೊಳ ಈಜುವುದಕ್ಕೇ. ಬೇಸಿಗೆ ಬಂತೆಂದರೆ ಊರಿಗೆ ಊರೇ ಅದರಲ್ಲಿ. ಬೆಳಗಿನ ಹೊತ್ತು ಹೆಂಗಸರದು, ಮಧ್ಯಾಹ್ನದ ಮೇಲೆ ಗಂಡಸರದು. ಈಜು ಬಂದವರು ಬಾರದವರ ಬೆನ್ನಿಗೆ ಸೋರೆಬುರುಡೆ ಕಟ್ಟಿ ನೀರಿಗಿಳಿಸುವುದು ಅಲ್ಲಿಯ ವಾಡಿಕೆ. ಕಟ್ಟಿದವರೇ ಅದನ್ನು ಬಿಚ್ಚಬೇಕು. ಬಿಚ್ಚಿದ ದಿನ ಕಲಿತವರ ಮನೆಯಲ್ಲಿ ಹೋಳಿಗೆ.

ಆ ಊರಿನಲ್ಲಿ ಒಬ್ಬ ಹೂ ಕಟ್ಟುವವಳಿದ್ದಳು. ಹುಟ್ಟಿದಾಗಿನಿಂದ ಅವಳ ಕಾಲುಗಳಲ್ಲಿ ಬಲವಿರಲಿಲ್ಲ. ಮನೆಯಿಂದ ಅಂಗಳಕ್ಕೆ ಬರಲು ಒಬ್ಬರು ಬೇಕು, ಅಂಗಳದಿಂದ ಒಳಗೆ ಹೋಗಲು ಒಬ್ಬರು ಬೇಕು. ಕೊಳಕ್ಕೂ ಅವಳನ್ನು ಯಾರಾದರೂ ಎತ್ತಿಕೊಂಡೇ ಹೋಗಬೇಕಿತ್ತು. ಆದರೆ ಮೈಗೆ ನೀರು ತಾಗಿದ ಮೇಲೆ ಯಾರೂ ಬೇಡ. ಬರೀ ತೋಳಿನ ಬಲದಿಂದ ಈ ದಡದಿಂದ ಆ ದಡಕ್ಕೆ ಹೋಗಿ ಬರುತ್ತಿದ್ದಳು. ಊರಿನ ಅರ್ಧ ಹೆಣ್ಣುಮಕ್ಕಳ ಬೆನ್ನಿನಿಂದ ಬುರುಡೆ ಬಿಚ್ಚಿದವಳು ಅವಳೇ. ದಿನದಲ್ಲಿ ಆ ಒಂದಷ್ಟು ಹೊತ್ತು ಅವಳು ಯಾರಿಗೂ ಭಾರವಾಗಿರಲಿಲ್ಲ. ಉಳಿದ ಹೊತ್ತನ್ನೆಲ್ಲ ಅದಕ್ಕಾಗಿ ಕಾಯುತ್ತಾ ಹೂ ಕಟ್ಟುತ್ತಿದ್ದಳು.

ಒಂದು ವರ್ಷ ಕೊಳದ ಒಂದು ಗೋಡೆ ಕುಸಿಯಿತು, ತಳ ಬಿರುಕು ಬಿಟ್ಟಿತು. ವಾರ ಕಳೆಯುವುದರೊಳಗೆ ನೀರೆಲ್ಲ ಇಂಗಿಹೋಯಿತು. ಊರವರು ಸೇರಿದರು. ಹಳೆಯದಕ್ಕೆ ತೇಪೆ ಹಾಕುವುದು ಬೇಡ, ಪಕ್ಕದಲ್ಲೇ ಹೊಸ ಕೊಳ ಕಟ್ಟಿಸೋಣ ಎಂದರು. ಹಣ ಕೂಡಿಸುವ ಕೆಲಸವನ್ನು ಒಬ್ಬ ವರ್ತಕನಿಗೆ ಒಪ್ಪಿಸಿದರು. ಅವನ ಕೈ ಶುದ್ಧ. ಮೊದಲ ಪಾಲನ್ನು ತಾನೇ ಹಾಕಿದ. ಅವನ ಮಗಳಿಗೆ ಈಜು ಕಲಿಸಿದವಳು ಆ ಹೂ ಕಟ್ಟುವವಳು. ಅವಳನ್ನು ಅವನು ಅಕ್ಕ ಎಂದೇ ಕರೆಯುತ್ತಿದ್ದ.

ಮೊದಲ ವರ್ಷ ಜನ ಕೊಟ್ಟರು. ಎರಡನೆಯ ವರ್ಷ ಕೈ ಬಿಗಿಯಾಯಿತು. ಆಗ ಒಬ್ಬ ಗೌಂಡಿ, ಕಲ್ಲು ಗಾರೆಯ ಕೆಲಸದವನು, ವರ್ತಕನ ಅಂಗಡಿಗೆ ಬಂದ.

"ಸಾವ್ಕಾರ್ರ, ಹಳೇ ಕೊಳದ ಬಿರುಕಿಗೆ ಗಾರಿ ಹಾಕ್ತೀನಿ. ತುಂಬ ನೀರು ನಿಲ್ಲೂದಿಲ್ಲ, ಎದಿಮಟ ಅಂತೂ ನಿಲ್ಲತೈತಿ. ಹೊಸಾದು ಆಗೂತನಕ ಅಷ್ಟು ಸಾಕಲ್ರೀ. ನನಗ ಕೂಲಿ ಬ್ಯಾಡ, ಸುಣ್ಣ ಒಂದು ಕೊಡಸ್ರಿ."

ವರ್ತಕ ಬಹಳ ಹೊತ್ತು ಯೋಚಿಸಿದ. "ಎದಿಮಟ ನೀರು ನಿಂತರ ಮಂದಿ ಅದರಾಗ ತೃಪ್ತಿ ಆಗಿಬಿಡ್ತಾರೋ ತಮ್ಮಾ. ಆಮ್ಯಾಲ ಹೊಸಾದಕ್ಕ ಯಾರು ಕೊಡ್ತಾರ?"

ಅವನ ಮಾತು ಸುಳ್ಳಾಗಿರಲಿಲ್ಲ. ಕಷ್ಟವಿದ್ದದ್ದೇ ಅಲ್ಲಿ. ಸುಳ್ಳಾಗಿದ್ದರೆ ಯಾರಾದರೂ ಎದುರು ಹೇಳುತ್ತಿದ್ದರು. ಗೌಂಡಿ ತನ್ನ ಕರಣಿ ತೆಗೆದುಕೊಂಡು ಮನೆಗೆ ಹೋದ.

ಹಳೆಯ ಕೊಳ ಒಣಗಿಯೇ ಉಳಿಯಿತು. ವರ್ತಕ ಸುತ್ತಲಿನ ಊರುಗಳ ಸ್ಥಿತಿವಂತರನ್ನು ಕರೆತಂದು ಅದರ ಬಿರುಕುಗಳನ್ನು ತೋರಿಸಿದ. ಅವರು ತಲೆಯಾಡಿಸಿದರು, ಹೋದರು. ಬಿರುಕು ಯಾರಿಗೆ ಕಂಡಿಲ್ಲ? ಆಗ ಅವನು ಹೂ ಕಟ್ಟುವವಳ ಬಳಿ ಹೋಗಿ, ಬಂದವರೊಡನೆ ನೀನು ಎರಡು ಮಾತಾಡಬೇಕು ಎಂದು ಕೇಳಿಕೊಂಡ. ಅವಳು ಒಪ್ಪಿದಳು. ಕೊಳ ಬೇಗ ಆಗಲಿ ಎಂದು ಅವಳಿಗಿಂತ ಹೆಚ್ಚು ಆಸೆಪಟ್ಟವರು ಯಾರಿದ್ದರು?

ಅವಳನ್ನು ಎತ್ತಿ ತಂದು ಒಣಗಿದ ಕೊಳದ ಮೆಟ್ಟಿಲ ಮೇಲೆ ಕೂರಿಸುತ್ತಿದ್ದರು. ಅವಳು ನೀರಿನ ಬಗ್ಗೆ ಹೇಳುತ್ತಿದ್ದಳು. ಇಳಿದಾಗ ಮೊದಲು ಬೆನ್ನು ತಣ್ಣಗಾಗುತ್ತದೆ. ಆಮೇಲೆ ಕಿವಿಯೊಳಗೆ ನೀರು ತುಂಬಿ ಊರಿನ ಗದ್ದಲವೆಲ್ಲ ದೂರ ಹೋಗುತ್ತದೆ. ಆಮೇಲೆ ಕಾಲು ಇರುವುದೂ ಇಲ್ಲದಿರುವುದೂ ನೆನಪಿರುವುದಿಲ್ಲ. ಇಷ್ಟು ಹೇಳಿ ಅವಳು ಕೆಳಗಿನ ಒಣಮಣ್ಣನ್ನು ನೋಡುತ್ತಿದ್ದಳು. ಅದು ನಾಟಕವಲ್ಲ. ಹೊಟ್ಟೆಯೊಳಗಿನ ಆಸೆಯೇ ಮಾತಾಗಿ ಬರುತ್ತಿತ್ತು. ಕೇಳಿದವರು ಕಣ್ಣೊರೆಸಿಕೊಂಡು ಕೊಟ್ಟರು.

ಕೊಟ್ಟದ್ದು ಹೆಚ್ಚಾದಂತೆ ಕೊಳವೂ ದೊಡ್ಡದಾಯಿತು. ಇಷ್ಟು ಜನ ಕೊಟ್ಟ ಮೇಲೆ ಸಾಧಾರಣ ಕೊಳ ಕಟ್ಟಿಸಿದರೆ ಮುಖ ತೋರಿಸುವುದು ಹೇಗೆ ಎಂದ ವರ್ತಕ. ನಾಲ್ಕು ಬದಿಗೂ ನಯ ಮಾಡಿದ ಕಲ್ಲು ಬೇಕೆನಿಸಿತು. ಬಟ್ಟೆ ಬದಲಿಸುವವರಿಗೆ ಮಂಟಪ ಬೇಕೆನಿಸಿತು. ಅದಕ್ಕೆ ಇನ್ನಷ್ಟು ಹಣ ಬೇಕು. ಹಣ ಬೇಕಾದಾಗಲೆಲ್ಲ ಅವಳು ಬಂದು ಆ ಮೆಟ್ಟಿಲ ಮೇಲೆ ಕೂರಬೇಕು. ಹೀಗೆ ವರ್ಷಗಳು ಹೋದವು.

ಆರನೆಯ ವರ್ಷ ದೊಡ್ಡ ಮಳೆ ಬಂದು ಅರ್ಧ ಕಟ್ಟಿದ ಹೊಸ ಕೊಳದಲ್ಲಿ ನೀರು ನಿಂತಿತು. ಹೂ ಕಟ್ಟುವವಳು ಅವರಿವರನ್ನು ಕಾಡಿ ಬೇಡಿ ಅದರ ದಡಕ್ಕೆ ಬಂದಳು. ಒಂದೇ ಒಂದು ಸಲ ಇಳಿಸಿ ಎಂದಳು. ಕೆಲಸ ಮುಗಿದು ಗಂಗೆಪೂಜೆ ಆಗದ ನೀರಿಗೆ ಕಾಲಿಡಬಾರದೆಂದು ಹಿರಿಯರು ಹೇಳಿದರು. ಇನ್ನೇನು ಸ್ವಲ್ಪ ದಿನ ಅಕ್ಕಾ, ಎಂದು ವರ್ತಕ ಸಮಾಧಾನ ಮಾಡಿದ. ಒಂಬತ್ತು ದಿನ ಆ ನೀರಿತ್ತು. ಒಂಬತ್ತು ದಿನವೂ ಅವಳು ಹೂವಿನ ಬುಟ್ಟಿಯನ್ನು ಅಲ್ಲಿಗೇ ತರಿಸಿಕೊಂಡು ನೀರಿನ ಕಡೆ ಮುಖ ಮಾಡಿ ಕೂತಳು. ಹತ್ತನೆಯ ದಿನ ಗಾರೆ ಒಣಗಬೇಕೆಂದು ಎತ್ತು ಹೂಡಿ ನೀರನ್ನೆಲ್ಲ ಹೊರಗೆ ಚೆಲ್ಲಿಸಿದರು.

ಹನ್ನೊಂದನೆಯ ವರ್ಷ ಕೊಳ ಮುಗಿಯಿತು. ಅಂಥ ಕೊಳ ಆ ಸೀಮೆಯಲ್ಲೇ ಇರಲಿಲ್ಲ. ಪೂಜೆಯಾಯಿತು. ಮೊದಲು ಇಳಿಯಬೇಕಾದವಳು ಅಕ್ಕ, ಅವಳಿಗಿಂತ ಮೊದಲು ಯಾರೂ ನೀರು ಮುಟ್ಟಕೂಡದು ಎಂದು ವರ್ತಕ ಹಟ ಹಿಡಿದ. ಊರು ಒಪ್ಪಿತು. ಬೆಳಗಿನ ಹೊತ್ತು ಹೆಂಗಸರದಾದ್ದರಿಂದ ಅವನು ಮಂಟಪದ ಹಿಂದೆ ಬೆನ್ನು ತಿರುಗಿಸಿ ನಿಂತ. ಅವಳ ತೋಳು ನೀರು ಸೀಳುವ ಸದ್ದನ್ನು ಕೇಳಬೇಕೆಂದು ಹನ್ನೊಂದು ವರ್ಷ ದುಡಿದವನು ಅವನು. ಕಿವಿಯನ್ನೆಲ್ಲ ಆ ಕಡೆಗೇ ಇಟ್ಟಿದ್ದ.

ನಾಲ್ವರು ಹೆಂಗಸರು ಅವಳನ್ನು ಇಳಿಸಿ, ಮೊದಲಿನ ಹಾಗೆ ಕೈಬಿಟ್ಟರು. ಅವಳು ಒಂದು ಸಲ ತೋಳು ಬೀಸಿದಳು. ಎರಡನೆಯ ಸಲ ತೋಳು ಏಳಲಿಲ್ಲ. ಅಷ್ಟು ವರ್ಷ ಕೂತಲ್ಲೇ ಕೂತು ಹೆಗಲು ಬಿಗಿದುಹೋಗಿತ್ತು. ಅದನ್ನು ಯಾರೂ ಗಮನಿಸಿರಲಿಲ್ಲ. ಹೂ ಕಟ್ಟುವುದಕ್ಕೆ ಹೆಗಲು ಎತ್ತಬೇಕಾಗಿಲ್ಲ ನೋಡು, ಹಾಗಾಗಿ ಅವಳಿಗೂ ತಿಳಿದಿರಲಿಲ್ಲ. ಅವಳು ಮುಳುಗಿದಳು. ಹೆಂಗಸರು ಬಾಚಿ ಎತ್ತಿದರು.

ಮಂಟಪದ ಹಿಂದೆ ನಿಂತವನಿಗೆ ಅವಳ ಒಂದೇ ಮಾತು ಕೇಳಿಸಿತು.

"ಬಿಡಬ್ಯಾಡ್ರೇ, ಹಿಡ್ಕೊಳ್ರಿ."

ಗುರುಗಳು ಕತೆಯನ್ನು ಅಲ್ಲಿಗೇ ಮುಗಿಸಿದರು. ಮಡಿವಾಳಯ್ಯನಿಗೆ ಕಸಿವಿಸಿಯಾಯಿತು.

"ಆದರೂ ಗುರುಗಳೇ, ಕೊಳವಂತೂ ಆಯಿತಲ್ಲ. ವರ್ತಕ ಹಾಗೆ ಮಾಡದೆ ಇದ್ದಿದ್ದರೆ ಅದೂ ಆಗುತ್ತಿರಲಿಲ್ಲವೇನೋ. ಇನ್ನು ನೂರು ವರ್ಷ ಆ ಊರಿನ ಮಕ್ಕಳು ಅಲ್ಲಿ ಈಜುತ್ತಾರೆ" ಎಂದ.

"ಕೊಳಕ್ಕೆ ನೂರು ವರ್ಷವಿತ್ತು ಮಡಿವಾಳಯ್ಯ, ಅವಳಿಗೆ ಇದ್ದದ್ದು ಆ ಹನ್ನೊಂದೇ" ಎಂದರು ಗುರುಗಳು.

ಮಡಿವಾಳಯ್ಯ ಎದ್ದು, ಹಳೆಯ ಚಾವಡಿಯ ಸೋರುವ ಸೂರನ್ನು ನೋಡಲು ಏಣಿ ಹುಡುಕಿಕೊಂಡು ಹೊರಟ.